ಪ್ಯಾನೆಲ್‌ನಲ್ಲಿ 0.99, ಮೀಟರ್‌ನಲ್ಲಿ 0.83

ಇವರಿಂದ:
ಅಕ್ಕಿ ಗಿರಣಿ ಮಾಲೀಕ, ಮದ್ದೂರು ತಾಲೂಕು, ಮಂಡ್ಯ ಜಿಲ್ಲೆ

ಇವರಿಗೆ:
ಸರ್ವಿಸ್ ಮ್ಯಾನೇಜರ್ ಅವರಿಗೆ

ವಿಷಯ: ಕೆಪಾಸಿಟರ್ ಪ್ಯಾನೆಲ್‌ನ ಸಿ.ಟಿ. (ಲೈನಿನ ಕರೆಂಟ್ ಅಳೆದು ಪ್ಯಾನೆಲ್‌ಗೆ ತಿಳಿಸುವ ಕರೆಂಟ್ ಟ್ರಾನ್ಸ್‌ಫಾರ್ಮರ್) ತಪ್ಪು ಜಾಗದಲ್ಲಿ ಹಾಕಿರುವ ಬಗ್ಗೆ

ಮಾನ್ಯರೇ,

ನಾಲ್ಕು ತಿಂಗಳ ಹಿಂದೆ ನಿಮ್ಮಿಂದ 25 ಕೆವಿಎಆರ್ (ಕೆಪಾಸಿಟರ್ ಬಲದ ಅಳತೆ) ಆಟೋಮ್ಯಾಟಿಕ್ ಪ್ಯಾನೆಲ್ ತೆಗೆದುಕೊಂಡೆ. ಒಳಗೆ ಐದು ಕೆಪಾಸಿಟರ್. ಹಲ್ಲರ್, ಪಾಲಿಷರ್, ಎಲಿವೇಟರ್ ಎಲ್ಲ ಓಡುವಾಗ ನಮ್ಮ ಲೋಡು 30 ಕಿಲೋವ್ಯಾಟ್. ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, 0.72 ಇತ್ತು. ಅದನ್ನು 0.95ಕ್ಕೆ ಏರಿಸಲು 19 ಕೆವಿಎಆರ್ ಸಾಕು ಎಂದು ಲೆಕ್ಕ ಹಾಕಿದವರು ನೀವೇ. ಲೆಕ್ಕ ಸರಿಯಾಗಿಯೇ ಇದೆ.

ಈಗ, ಕೆಪಾಸಿಟರ್‌ಗಳನ್ನು ತಾನೇ ಆನ್-ಆಫ್ ಮಾಡುವ ನಿಮ್ಮ ರಿಲೇ 0.99 ತೋರಿಸುತ್ತದೆ. ಕರೆಂಟ್ ಮೀಟರ್ ನೋಡಿದರೆ 0.83. ಬಿಲ್ಲು ಬರುವುದು ಮೀಟರ್ ನೋಡಿ ಅಲ್ವಾ? 0.85ಕ್ಕಿಂತ ಇಳಿದಿದ್ದಕ್ಕೆ ಪ್ರತಿ ತಿಂಗಳೂ ದಂಡ ಕಟ್ಟುತ್ತಿದ್ದೇನೆ.

ನಿಮ್ಮ ಹುಡುಗರು ಎರಡು ಸಲ ಬಂದರು. ಮೊದಲ ಸಲ ಸೆಟ್ಟಿಂಗ್ ಬದಲಿಸಿ ಹೋದರು. ಎರಡನೇ ಸಲ, ಕೆಪಾಸಿಟರ್ ಹೋಗಿದೆ, ಐದನ್ನೂ ಹೊಸದು ಹಾಕಿಸಿ ಎಂದರು. ನಾನು ಎರಡು ಪ್ರಶ್ನೆ ಕೇಳಿದ್ದಕ್ಕೆ 'ಹಳ್ಳಿಯವರಿಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ' ಅಂದರು. ಶಿವನಸಮುದ್ರ ಇರುವುದು ನಮ್ಮ ಜಿಲ್ಲೆಯಲ್ಲೇ. 1902ರಲ್ಲೇ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿದೆ. ಇರಲಿ.

ನಮ್ಮೂರಿನ ಮೋಟಾರ್ ರಿವೈಂಡಿಂಗ್ ಹುಡುಗ ಕ್ಲಾಂಪ್ ಮೀಟರ್ ತಂದು ನೋಡಿದ. ಒಂದೊಂದು 5 ಕೆವಿಎಆರ್ ಕೆಪಾಸಿಟರೂ 6 ಆಂಪಿಯರ್ ಮೇಲೆ ಎಳೆಯುತ್ತಿದೆ. 440 ವೋಲ್ಟಿನ ಮಾಲು 415ರಲ್ಲಿ ಅಷ್ಟೇ ಎಳೆಯಬೇಕು. ಅಂದರೆ ಒಂದೂ ಕೆಟ್ಟಿಲ್ಲ. ಆಟೋದಲ್ಲಿ ಮಾತ್ರ ಐದರಲ್ಲಿ ಎರಡೇ ಆನ್ ಆಗುತ್ತವೆ. ಮ್ಯಾನ್ಯುಯಲ್‌ಗೆ ತಿರುಗಿಸಿ ಐದನ್ನೂ ಹಾಕಿದ. ಮೀಟರ್ 0.97ಕ್ಕೆ ಏರಿತು!

ಮೇನ್ ಸ್ವಿಚ್ ದಾಟಿದ ಮೇಲೆ ನಮ್ಮಲ್ಲಿ ಎರಡು ಲೈನ್. ಹಳೆ ಗಿರಣಿಗೊಂದು, ಹೊಸ ಶೆಡ್ಡಿಗೊಂದು. ಪ್ಯಾನೆಲ್ಲು, ಸಿ.ಟಿ. ಎರಡನ್ನೂ ಶೆಡ್ಡಿನ ಲೈನಿಗೇ ಹಾಕಿದ್ದಾರೆ. ರಿಲೇಗೆ ಕಾಣುವುದು ಸಿ.ಟಿ. ಇರುವ ಲೈನ್ ಮಾತ್ರ, ಅಲ್ಲಿರುವುದು ಬರೀ 10 ಕಿಲೋವ್ಯಾಟ್. ಅಷ್ಟಕ್ಕೆ ಎರಡು ಕೆಪಾಸಿಟರ್ ಸಾಕು, ರಿಲೇ ಅಲ್ಲಿಗೇ ಕೈ ಕಟ್ಟಿ ಕೂರುತ್ತದೆ. ಹಳೆ ಗಿರಣಿಯ 20 ಕಿಲೋವ್ಯಾಟ್ ಅದರ ಕಣ್ಣಿಗೇ ಬಿದ್ದಿಲ್ಲ.

ಸುಮ್ನೆ ಮ್ಯಾನ್ಯುಯಲ್‌ನಲ್ಲೇ ಬಿಟ್ಟರೆ, ಮೋಟಾರ್ ನಿಂತು ಬಲ್ಬ್ ಮಾತ್ರ ಉರಿಯುವಾಗ ಕೆಪಾಸಿಟರ್ ಹೆಚ್ಚಾಗಿ ಲೀಡಿಂಗ್ ಆಗುತ್ತದೆ, ಅಂದರೆ ಪವರ್ ಫ್ಯಾಕ್ಟರ್ ಇನ್ನೊಂದು ಕಡೆಗೆ ತಪ್ಪುತ್ತದೆ. ಅದಕ್ಕೇ ತಾನೇ ಆಟೋಮ್ಯಾಟಿಕ್‌ಗೆ ಜಾಸ್ತಿ ದುಡ್ಡು ಕೊಟ್ಟಿದ್ದು?

ಸಿ.ಟಿ.ಯನ್ನು ಲೈನ್ ಕವಲಾಗುವ ಮೊದಲೇ, ಮೇನ್ ಸ್ವಿಚ್ ಪಕ್ಕ ಹಾಕಿಕೊಡಿ. ಈಗಿರುವುದು 50/5, ಅಂದರೆ 50 ಆಂಪಿಯರ್‌ವರೆಗಿನ ಲೈನಿಗೆ ಮಾಡಿದ್ದು. ಕೆಪಾಸಿಟರ್ ಇಲ್ಲದಾಗ ಪೂರ್ತಿ ಲೋಡು 58 ಆಂಪಿಯರ್ ಎಳೆಯುತ್ತದೆ. ಆದ್ದರಿಂದ 100/5 ತನ್ನಿ, ರಿಲೇಯಲ್ಲೂ ಆ ರೇಶಿಯೋ ಕೂರಿಸಿ. ಲೋಡು ಓಡುವಾಗ ಸಿ.ಟಿ. ವೈರ್ ಬಿಚ್ಚುವುದು ಅಪಾಯ, ನಿಮ್ಮ ಹುಡುಗರಿಗೆ ಹೇಳಿ ಕಳಿಸಿ. ಸೋಮವಾರ ಗಿರಣಿಗೆ ರಜೆ, ಅವತ್ತೇ ಬನ್ನಿ.

ಖರ್ಚು ನಿಮ್ಮದು. ದಂಡ ಬಿದ್ದ ನಾಲ್ಕು ಬಿಲ್ಲುಗಳ ನಕಲು ಇದರ ಜೊತೆ ಇಟ್ಟಿದ್ದೇನೆ. ಆ ದುಡ್ಡೂ ವಾಪಸ್ ಬರಬೇಕು.

ಇತಿ,
ಗಿರಣಿ ಮಾಲೀಕ