ಚೀಲದ ಜೊತೆ ಸಂತೆಗೆ ಹೋಗುವ ರೀತಿಯೂ ಬದಲಾಗಲಿ

ಸಂಪಾದಕರೇ,

ಈಗ ಹಣ್ಣಿನ ಅಂಗಡಿ, ಸ್ವೀಟ್ ಅಂಗಡಿ, ಸೀರೆ ಅಂಗಡಿ ಎಲ್ಲಿಗೆ ಹೋದರೂ ಬಣ್ಣಬಣ್ಣದ ಚೀಲ ಕೊಡುತ್ತಾರೆ. ಮುಟ್ಟಿದರೆ ಬಟ್ಟೆಯಂತೆಯೇ ಇರುತ್ತದೆ, ನಾವೂ ಬಟ್ಟೆ ಚೀಲ ಅಂತಲೇ ಮನೆಗೆ ತರುತ್ತೇವೆ. ಅದು ಬಟ್ಟೆಯಲ್ಲ, ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್. ಬೆಳಕಿಗೆ ಹಿಡಿದು ನೋಡಿ. ಹಾಸುಹೊಕ್ಕಿನ ನೂಲು ಕಾಣುವುದಿಲ್ಲ, ಸಾಲುಸಾಲಾಗಿ ಒತ್ತಿದ ಸಣ್ಣ ಚುಕ್ಕೆಗಳು ಕಾಣುತ್ತವೆ. ಎಷ್ಟೋ ಚೀಲಗಳಿಗೆ ಹೊಲಿಗೆಯೂ ಇಲ್ಲ, ಅಂಚನ್ನು ಕರಗಿಸಿ ಅಂಟಿಸಿರುತ್ತಾರೆ. ಬಿಸಿಲು ಬೀಳುವ ಕಡೆ ಕೆಲವು ತಿಂಗಳು ನೇತುಹಾಕಿದರೆ, ಆಮೇಲೆ ಹಿಡಿ ಎಳೆದ ತಕ್ಷಣ ಕೈಯಲ್ಲೇ ಪುಡಿಪುಡಿಯಾಗುತ್ತದೆ. ಆ ಪುಡಿ ಎಷ್ಟು ಗುಡಿಸಿದರೂ ಪೂರ್ತಿ ಸಿಗುವುದಿಲ್ಲ, ಮಳೆ ಬಂದಾಗ ಚರಂಡಿ ಸೇರುತ್ತದೆ. ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ ಎಷ್ಟೇ ದಪ್ಪ ಇರಲಿ ಬೇಡ ಎಂದು ನಿಷೇಧ ಮಾಡಿದ್ದಾರೆ, ಆದರೂ ಇದು ಬಟ್ಟೆಯ ವೇಷದಲ್ಲಿ ಒಳಗೆ ಬಂದುಬಿಟ್ಟಿದೆ.

ಹಾಗಂತ ಮನೆಯಲ್ಲಿರುವುದನ್ನೆಲ್ಲ ಎಸೆದು ಹೊಸ ಕಾಟನ್ ಚೀಲ ಕೊಳ್ಳುವುದೂ ಬೇಡ. ಹತ್ತಿ ಬೆಳೆಯಲು ನೀರು ಬಹಳ ಬೇಕು. ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿಸಿದ ಚೀಲ ಸಾಕು. ವೈರ್ ಬುಟ್ಟಿ ಕೂಡ ಪ್ಲಾಸ್ಟಿಕ್ಕೇ, ಆದರೆ ವರ್ಷಗಟ್ಟಲೆ ಬಾಳುತ್ತದೆ, ಇದ್ದರೆ ಅದನ್ನೇ ಬಳಸಿ.

ನನಗೆ ಬೇಸರ ಆಗುವುದು ನಾವು ಚೀಲದ ಮಾತಿನಲ್ಲೇ ನಿಂತುಬಿಡುವುದಕ್ಕೆ. ಬೆಳಿಗ್ಗೆ ಹಾಲಿಗೆ ಒಂದು ಸಲ, ಸಂಜೆ ಕೊತ್ತಂಬರಿ ಸೊಪ್ಪಿಗೆ ಇನ್ನೊಂದು ಸಲ ಅದೇ ಚೀಲವನ್ನು ಸ್ಕೂಟರಿಗೆ ಸಿಕ್ಕಿಸಿಕೊಂಡು ಒಂದು ಕಿಲೋಮೀಟರ್ ದೂರದ ಅಂಗಡಿಗೆ ಹೋಗಿ ಬರುತ್ತೇವಲ್ಲ, ಅದರ ಲೆಕ್ಕ ಯಾರು ಹಾಕುತ್ತಾರೆ? ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಪೆಟ್ರೋಲ್ ತೂಗುವುದೇ ಮುಕ್ಕಾಲು ಕಿಲೋ, ಅಷ್ಟು ಅನಿಲ ಎಲ್ಲಿಂದ ಬಂತು ಅನ್ನಿಸಬಹುದು, ಉರಿಯುವಾಗ ಗಾಳಿಯ ಆಮ್ಲಜನಕವೂ ಸೇರಿಕೊಳ್ಳುತ್ತದೆ ಅಲ್ವಾ, ಅದಕ್ಕೆ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರಿನಲ್ಲಿ ಹೋಗಿಬರುವುದು 2 ಕಿ.ಮೀ. ಆದರೆ ಸುಮಾರು ನೂರು ಗ್ರಾಂ ಆಯಿತು. ಎಂಜಿನ್ ಬಿಸಿಯಾಗುವ ಮೊದಲೇ ಮುಗಿಯುವ ಓಡಾಟದಲ್ಲಿ ಮೈಲೇಜ್ ಇನ್ನೂ ಕಡಿಮೆ. ಅಂಗಡಿಯವರು ಕೊಡುವ ಆ ತೆಳು ಚೀಲದ ತೂಕವಾದರೋ ಅದಕ್ಕಿಂತ ಎಷ್ಟೋ ಕಡಿಮೆ.

ನಾನಿರುವುದು ಮೈಸೂರಿನಲ್ಲಿ. ಇಲ್ಲಿ ಇದನ್ನು ಬದಲಾಯಿಸುವುದು ಕಷ್ಟವೇ ಅಲ್ಲ. ಎಂ.ಜಿ. ರಸ್ತೆ ಮಾರುಕಟ್ಟೆಗೆ ಸುತ್ತಲ ಹಳ್ಳಿಗಳ ಸೊಪ್ಪು ಬರುತ್ತದೆ. ಹಿಂದೆ ಈರನಗೆರೆ ಬದನೆಕಾಯಿ ಬೆಳೆಯುತ್ತಿದ್ದುದೇ ಊರಿನ ಮಗ್ಗುಲಲ್ಲಿ, ತರಕಾರಿಗೂ ದೂರದ ಪ್ರಯಾಣ ಇರಲಿಲ್ಲ. ವಾರಕ್ಕೊಮ್ಮೆ ಈ ಮಾರುಕಟ್ಟೆಯಲ್ಲಿ ದೊಡ್ಡ ಸಂತೆ ಮಾಡಿ, ನಡುವೆ ಬೇಕಾದ ಚೂರುಪಾರು ಬಡಾವಣೆಯ ಹಾಪ್‌ಕಾಮ್ಸ್‌ನಲ್ಲಿ ಅಥವಾ ತಳ್ಳುಗಾಡಿಯಲ್ಲಿ ಕೊಂಡರೆ ಸ್ಕೂಟರ್ ತೆಗೆಯುವ ಪ್ರಸಂಗವೇ ಬರುವುದಿಲ್ಲ.

ಆದರೆ ನಡೆಯಿರಿ ಎಂದು ಹೇಳಿದರೆ ಎಲ್ಲಿ ನಡೆಯಬೇಕು? ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ನಿಲ್ಲಿಸಿದ ಬೈಕು, ಅದು ದಾಟಿದರೆ ಅಲ್ಲಾಡುವ ಚಪ್ಪಡಿ. ಎರಡು ಕೈಯಲ್ಲೂ ಚೀಲ ಹಿಡಿದ ವಯಸ್ಸಾದವರು ರಸ್ತೆಗೆ ಇಳಿಯಲೇಬೇಕು. ಬಸ್ಸಿನ ಕಥೆಯೂ ಅಷ್ಟೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟಿನ ಚಿಂತೆ ಇಲ್ಲ, ಅದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಹೆಚ್ಚಿನ ಬಸ್ಸುಗಳು ಸಿಟಿ ಬಸ್ ನಿಲ್ದಾಣಕ್ಕೇ ಹೋಗುವುದರಿಂದ ಪಕ್ಕದ ಬಡಾವಣೆಗೆ ಹೋಗಬೇಕಾದವರೂ ಅಲ್ಲಿ ಇಳಿದು ಇನ್ನೊಂದು ಬಸ್ ಹಿಡಿಯಬೇಕಾಗುತ್ತದೆ. ಇಪ್ಪತ್ತು ನಿಮಿಷ ಕಾಯುವಷ್ಟರಲ್ಲಿ ಮನಸ್ಸು ಮತ್ತೆ ಸ್ಕೂಟರ್ ಕಡೆಗೇ ಹೋಗುತ್ತದೆ, ಅದರಲ್ಲಿ ಜನರ ತಪ್ಪೇನಿದೆ?

ಸಾರ್ವಜನಿಕರಿಗೆ ಬಾಡಿಗೆಗೆ ಸೈಕಲ್ ಕೊಡುವ ಟ್ರಿಣ್ ಟ್ರಿಣ್ ಯೋಜನೆ ನಮ್ಮೂರಿನಲ್ಲಿ 2017ರಲ್ಲೇ ಶುರುವಾಯಿತು, ಸುಮಾರು 450 ಸೈಕಲ್‌ಗಳೊಂದಿಗೆ. ಆಗ ಬೇರೆ ಊರಿನವರೂ ಬಂದು ನೋಡಿಕೊಂಡು ಹೋಗುವಂತಿತ್ತು. ಅರಮನೆ, ಮೃಗಾಲಯದ ಕಡೆ ಸೈಕಲ್ ಇದ್ದರೆ ಪ್ರವಾಸಿಗರಿಗೆ ಒಳ್ಳೆಯದೇ, ಆದರೆ ಊರಿನವರು ದಿನಾ ಸೈಕಲ್ ತುಳಿಯಬೇಕಾದರೆ ಮಾರ್ಕೆಟ್ ಬಾಗಿಲಲ್ಲಿ ಮತ್ತು ಪ್ರತಿ ಬಡಾವಣೆಯ ತರಕಾರಿ ಅಂಗಡಿ ಹತ್ತಿರ ಸೈಕಲ್ ಸಿಗಬೇಕು, ಮುಂದೆ ಐದು ಕಿಲೋ ತಡೆಯುವ ಬುಟ್ಟಿ ಇರಬೇಕು. ಜೊತೆಗೆ ಬಡಾವಣೆಗಳನ್ನು ಸುತ್ತಿ ಮಾರುಕಟ್ಟೆ ಮುಟ್ಟುವ ಒಂದು ಬಸ್ಸನ್ನು ಬೆಳಿಗ್ಗೆ 6ರಿಂದ 10ರವರೆಗಾದರೂ ಓಡಿಸಿ ನೋಡಲಿ. ನಗರದ ಆಡಳಿತ ನಡೆಸುವವರು ಈ ಎರಡನ್ನು ಈ ವರ್ಷದ ಬಜೆಟ್‌ನಲ್ಲೇ ಸೇರಿಸಬೇಕು ಎಂದು ನಿಮ್ಮ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ.

ಇಂತಿ,
ನಿಮ್ಮ ಓದುಗ, ಮೈಸೂರು