ಕ್ಲಿನಿಕ್‌ನಿಂದ ಬರುವ ಇ-ಮೇಲ್ ಬಗ್ಗೆ ನಮ್ಮ ಪೇಶಂಟ್‌ಗಳಿಗೆ

ನಮಸ್ಕಾರ,

ಈ ತಿಂಗಳಿಂದ ಕ್ಲಿನಿಕ್‌ನ ಸೂಚನೆಗಳು ಎಸ್ಸೆಮ್ಮೆಸ್ ಬದಲು ಇ-ಮೇಲ್‌ನಲ್ಲಿ ಬರುತ್ತಿವೆ. ಅಪಾಯಿಂಟ್‌ಮೆಂಟ್ ನೆನಪಿಸುವ ಮೆಸೇಜ್ ಮಾತ್ರ ಮೊದಲಿನ ಹಾಗೆಯೇ ಮೊಬೈಲ್‌ಗೆ ಬರುತ್ತದೆ. ಕೆಲವರಿಗೆ ಇದರಿಂದ ತೊಂದರೆಯಾಗಿದೆ, ಗೊತ್ತು. ದಯವಿಟ್ಟು ಕ್ಷಮಿಸಿ.

ಆದರೆ "ರೊಕ್ಕ ಉಳಸಾಕ ಹಿಂಗ ಮಾಡ್ಯಾರ" ಅನ್ನುವ ಮಾತು ಕೌಂಟರ್ ಮುಂದೆಯೇ ಕಿವಿಗೆ ಬಿದ್ದಿದೆ. ಅದು ನಿಜಕ್ಕೂ ಬೇಜಾರಾಯಿತು. ಖರ್ಚಿನ ಮಾತು ಬಂದಿದ್ದರಿಂದ ಹೇಳಿಯೇ ಬಿಡುತ್ತೇವೆ. ಇಂಗ್ಲಿಷ್‌ನಲ್ಲಿ ಬರೆದರೆ ಒಂದು ಎಸ್ಸೆಮ್ಮೆಸ್ಸಿನಲ್ಲಿ 160 ಅಕ್ಷರ ಹಿಡಿಯುತ್ತವೆ, ಕನ್ನಡದಲ್ಲಿ 70 ಮಾತ್ರ. ಆ 70ರಲ್ಲೂ ಗುಣಿತದ ಚಿಹ್ನೆಗೆ, ಒತ್ತಿಗೆ ಬೇರೆ ಬೇರೆ ಲೆಕ್ಕ. 'ಹೊಟ್ಟೆ' ಅಂತ ಬರೆದರೆ ಕಣ್ಣಿಗೆ ಎರಡೇ ಅಕ್ಷರ, ಎಸ್ಸೆಮ್ಮೆಸ್ ಲೆಕ್ಕದಲ್ಲಿ ಆರು. "ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ, ನೀರು ಕುಡಿಯಬಹುದು, ಶುಗರ್ ಮಾತ್ರೆ ರಕ್ತ ಕೊಟ್ಟ ಮೇಲೆ ತಗೊಳ್ಳಿ" ಅಂತ ಇಷ್ಟು ಬರೆದರೆ ಆಗಲೇ ಎರಡು ಎಸ್ಸೆಮ್ಮೆಸ್ಸಿನ ಬಿಲ್ಲು. ಇದರ ಮೇಲೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮ ಬೇರೆ. ಪ್ರತಿ ಮೆಸೇಜಿನ ಮಾದರಿಯನ್ನೂ ಮೊದಲೇ ನೋಂದಾಯಿಸಿ ಒಪ್ಪಿಗೆ ಪಡೆಯಬೇಕು. ಮಾದರಿಗೆ ಹೊಂದದಿದ್ದರೆ ಮೆಸೇಜ್ ಹೋಗುವುದೇ ಇಲ್ಲ. ಕನ್ನಡ ಬಿಟ್ಟು ಇಂಗ್ಲಿಷ್‌ನಲ್ಲಿ ಕಳಿಸಿದ್ದರೆ ಅಗ್ಗವಾಗುತ್ತಿತ್ತು. ನಾವು ಹಾಗೆ ಮಾಡಲಿಲ್ಲ, ಮಾಡುವುದೂ ಇಲ್ಲ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: "ಇ-ಮೇಲ್ ಯಾರು ನೋಡ್ತಾರೆ, ಸುಮ್ನೆ ಒಂದು ವಾಟ್ಸಾಪ್ ಗ್ರೂಪ್ ಮಾಡಬಾರದಾ?"

ಮಾಡುವುದು ಎರಡು ನಿಮಿಷದ ಕೆಲಸ. ಆದರೆ ಗ್ರೂಪ್‌ನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಶುಗರ್ ಪೇಶಂಟ್‌ಗಳ ಗ್ರೂಪ್ ಅಂತ ಮಾಡಿದರೆ ಯಾರಿಗೆ ಶುಗರ್ ಇದೆ ಅನ್ನುವುದು ವಿದ್ಯಾನಗರದಿಂದ ಧಾರವಾಡದ ಸಪ್ತಾಪುರದವರೆಗೆ ಗೊತ್ತಾದ ಹಾಗೆಯೇ. ನಮ್ಮ ಊರಲ್ಲಿ ಯಾರಿಗೆ ಯಾರು ಬೀಗರು, ಯಾರು ಯಾರ ಆಫೀಸಿನವರು ಅಂತ ಹೇಳಲಾಗುತ್ತದೆಯೇ? ಮಗಳ ಸಂಬಂಧದ ಮಾತುಕತೆ ನಡೆದಿರುವಾಗ ತಾಯಿಯ ಥೈರಾಯ್ಡ್ ಮಾತ್ರೆಯ ವಿಷಯ ಹೊರಗೆ ಬಂದರೆ ಆ ಮನೆಯವರಿಗೆ ನಾವು ಏನು ಉತ್ತರ ಕೊಡೋಣ? ಬ್ರಾಡ್‌ಕಾಸ್ಟ್ ಮಾಡಿ, ಅಂದರೆ ಗ್ರೂಪ್ ಇಲ್ಲದೆ ಒಂದೇ ಮೆಸೇಜನ್ನು ಪಟ್ಟಿಯಲ್ಲಿರುವ ಎಲ್ಲರಿಗೂ ಬೇರೆ ಬೇರೆಯಾಗಿ ಕಳಿಸಿ ಅನ್ನುತ್ತೀರಿ. ಅದು ಒಂದು ಪಟ್ಟಿಗೆ 256 ಜನಕ್ಕೆ ಮುಗಿಯುತ್ತದೆ, ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಕಾಯಿಲೆಯ ವಿಷಯ ನಿಮ್ಮದು, ಅದನ್ನು ಕಾಪಾಡುವ ಕೆಲಸ ನಮ್ಮದು. ಇದರಲ್ಲಿ ನಾವು ಬಿಟ್ಟುಕೊಡುವುದಿಲ್ಲ.

ನಮ್ಮ ಇ-ಮೇಲ್ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೋಗುತ್ತದೆ. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ಒಂದು ಮೇಲ್‌ನಲ್ಲಿ ಒಂದೇ ವಿಷಯ. "ಗುರುವಾರ ಸಂಜೆ ಓಪಿಡಿ ಇಲ್ಲ" ಅಂತ ಹೆಡ್ಡಿಂಗ್‌ನಲ್ಲೇ ಇರುತ್ತದೆ, ತೆರೆಯದಿದ್ದರೂ ತಿಳಿಯುತ್ತದೆ. ರಿಪೋರ್ಟ್ ಬಂದಾಗ "ನಿಮ್ಮ ರಿಪೋರ್ಟ್ ರೆಡಿ ಇದೆ" ಅಂತ ಅಷ್ಟೇ ಬರುತ್ತದೆ. ಯಾವ ಟೆಸ್ಟ್, ಎಷ್ಟು ಬಂತು ಅನ್ನುವುದು ಬರುವುದಿಲ್ಲ. ಇದಕ್ಕೆ ಸಿಟ್ಟಾದವರಿದ್ದಾರೆ. ಆದರೆ ನಿಮ್ಮಲ್ಲಿ ಎಷ್ಟೋ ಜನ ಕೊಟ್ಟಿರುವುದು ಪುಣೆಯಲ್ಲೋ ಬೆಂಗಳೂರಲ್ಲೋ ಇರುವ ಮಗನ ವಿಳಾಸ, ಅಲ್ವಾ? ಮಗ ಮೊದಲು ನೋಡುತ್ತಾನೆ, ಅಪ್ಪನಿಗೆ ಆಮೇಲೆ ತಿಳಿಯುತ್ತದೆ. ಅದು ಸರಿಯಲ್ಲ.

ಒಂದು ಸಹಾಯ ಬೇಕು. ಶಿಬಿರದ ಸೂಚನೆ ಬೇಡವಾದರೆ ಮೇಲ್‌ನ ಕೆಳಗಿರುವ 'ಬೇಡ' ಬಟನ್ ಒತ್ತಿ, ಸ್ಪ್ಯಾಮ್ ಒತ್ತಬೇಡಿ. ಹಾಗೆ ಒತ್ತುವವರು ಜಾಸ್ತಿಯಾದರೆ ಜಿಮೇಲ್ ನಮ್ಮ ಮೇಲ್‌ಗಳನ್ನೆಲ್ಲ ಸ್ಪ್ಯಾಮ್‌ಗೆ ತಳ್ಳುತ್ತದೆ. 2024ರ ಫೆಬ್ರುವರಿಯಿಂದ ಅವರು ಈ ವಿಷಯದಲ್ಲಿ ಬಿಗಿಯಾಗಿದ್ದಾರೆ. ಆಗ ಕುಂದಗೋಳದಿಂದ ಬರುವ ಅಜ್ಜಿಯ ಮನೆಯವರಿಗೆ ಡಾಕ್ಟರ್ ರಜೆಯ ಸುದ್ದಿ ತಲುಪುವುದಿಲ್ಲ, ಅವರು ಖಾಲಿ ಹೊಟ್ಟೆಯಲ್ಲಿ ಬಸ್ ಹತ್ತಿ ಬಂದು ಬಾಗಿಲು ನೋಡಿ ವಾಪಸ್ ಹೋಗಬೇಕಾಗುತ್ತದೆ.

ಇ-ಮೇಲ್ ಇಲ್ಲದವರು ಚಿಂತೆ ಮಾಡಬೇಡಿ. ಕೌಂಟರ್‌ನಲ್ಲಿ ಒಂದು ಮಾತು ಹೇಳಿ, ಫೈಲ್ ಮೇಲೆ ಗುರುತು ಹಾಕಿಕೊಂಡು ನಾವೇ ಫೋನ್ ಮಾಡುತ್ತೇವೆ. ಇದಕ್ಕಾಗಿ ಕನ್ಸಲ್ಟೇಶನ್ ಫೀ ಒಂದು ರೂಪಾಯಿಯೂ ಏರಿಲ್ಲ. ಮೇಲ್‌ಗೆ ಉತ್ತರ ಬರೆದರೆ ಕೌಂಟರ್‌ನವರು ಓದುತ್ತಾರೆ, ಆದರೆ ರಾತ್ರಿ ಓದುವವರು ಯಾರೂ ಇರುವುದಿಲ್ಲ. ಎದೆನೋವು, ಉಸಿರಾಟದ ತೊಂದರೆ ಇದ್ದರೆ ಬರೆಯುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಇಂತಿ ನಿಮ್ಮವರು,
ಕ್ಲಿನಿಕ್‌ನ ಕೌಂಟರ್ ಸಿಬ್ಬಂದಿ ಮತ್ತು ಡಾಕ್ಟರ್
ವಿದ್ಯಾನಗರ, ಹುಬ್ಬಳ್ಳಿ