ಹಳೆ ಕಾರಿನ ನೋಂದಣಿ ನವೀಕರಣ ಶುಲ್ಕ ಇಳಿಸಲಿ

ಮಾನ್ಯರೇ,

ನನ್ನದು 1998ರ ಮಾರುತಿ 800. ಮನೆ ಮುಂದೆಯೇ ರಿಪೇರಿ ಮಾಡಿಕೊಳ್ಳುತ್ತಿದ್ದೇನೆ. ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಅದರಲ್ಲಿ ಪೆಟ್ರೋಲ್ ಹಾಯುವ ಜೆಟ್‌ನ ಸಣ್ಣ ತೂತಿಗೆ ಗಾಳಿ ಹೊಡೆದೆ. ಕಟ್ಟಿಕೊಂಡಿದ್ದ ಕಸ ಹೊರಬಂತು, ಸಿಗ್ನಲ್‌ನಲ್ಲಿ ಆಫ್ ಆಗುವುದು ನಿಂತಿತು. ಮೂರು ಸಿಲಿಂಡರ್ ಅಲ್ವಾ, ಮೂರೇ ಹೊಸ ಸ್ಪಾರ್ಕ್ ಪ್ಲಗ್ ಸಾಕಾದವು. ಮ್ಯಾಟ್ ಕೆಳಗಿನ ತುಕ್ಕು ಕೆರೆದು ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದೆ. ಬ್ರೇಕ್ ಮಾತ್ರ ಮೆಕ್ಯಾನಿಕ್‌ಗೇ ಬಿಟ್ಟೆ, ಅದು ಜೀವದ ಪ್ರಶ್ನೆ.

ಇಷ್ಟೆಲ್ಲ ಸಾಮಾನಿನ ಖರ್ಚಿಗಿಂತ ನೋಂದಣಿ ನವೀಕರಣದ ಶುಲ್ಕವೇ ಜಾಸ್ತಿ. 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರಲ್ಲಿ, 20 ವರ್ಷ ದಾಟಿದ ಕಾರಿಗೆ 10,000! ತಪಾಸಣೆಯಲ್ಲಿ ಪಾಸಾದ, ಹೊಗೆ ಮಿತಿಯೊಳಗಿರುವ ಕಾರಿಗಾದರೂ ಸರ್ಕಾರ ರಿಯಾಯಿತಿ ಕೊಡಬೇಕು. ಹೊಸ ಕಾರು ಕೊಳ್ಳಲಾಗದವರು ನಮ್ಮೂರಲ್ಲಿ ಬಹಳ ಮಂದಿ ಇದ್ದೇವೆ.

– ಒಬ್ಬ ಓದುಗ, ವಿದ್ಯಾನಗರ, ದಾವಣಗೆರೆ